ಗ್ಲೌಸು ತೊಟ್ಟ ಕೈಯಲ್ಲೇ ಮಾಂಜಾ

“ಸರ್, ಈ ಫೋನ್ ಹಿಡ್ಕೊಳ್ಳಿ. ಹಕ್ಕಿ ಜೊತೆ ನನ್ನ ಮುಖಾನೂ ಬರ್ಲಿ.”

ನಿನ್ನೆ ಮಧ್ಯಾಹ್ನ, ವಡೋದರಾದ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನ ಮೇಲೆ ಪ್ರಣವ್ ನನಗಿತ್ತ ಆಜ್ಞೆಯಿದು. ದಾವಣಗೆರೆಯ ಹುಡುಗ. ಕೆಮಿಕಲ್ ಕಂಪನಿಯಲ್ಲಿ ಕೆಲಸ, ಕೆಳಗಿನ ಫ್ಲಾಟಿನಲ್ಲಿ ಬಾಡಿಗೆಗೆ ವಾಸ. ಉತ್ತರಾಯಣದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕ ಹಕ್ಕಿಗಳನ್ನು ರಕ್ಷಿಸುವ ಸ್ವಯಂಸೇವಕನೆಂದು ಇಡೀ ಕಟ್ಟಡಕ್ಕೆ ಅಚ್ಚುಮೆಚ್ಚು.

(ಸಂಕ್ರಾಂತಿ ಹದಿನಾಲ್ಕಕ್ಕೋ ಹದಿನೈದಕ್ಕೋ ಎಂದು ನಾನು ಎರಡು ಪಂಚಾಂಗ ತಾಳೆ ನೋಡುತ್ತೇನೆ. ಇಲ್ಲಿಯವರಿಗೆ ಆ ತಂಟೆಯಿಲ್ಲ: ಹದಿನಾಲ್ಕು ಉತ್ತರಾಯಣ, ಹದಿನೈದು ವಾಸಿ, ಅಂದರೆ ತಂಗಳು, ಉತ್ತರಾಯಣ, ಎರಡು ದಿನವೂ ಪಟ.)

ಹದ್ದೊಂದು ನೀರಿನ ಟ್ಯಾಂಕಿನ ಪಕ್ಕ ಬಿದ್ದು ಒದ್ದಾಡುತ್ತಿತ್ತು. ರೆಕ್ಕೆಯ ಬುಡಕ್ಕೆ ಹಸಿರು ಮಾಂಜಾ, ಪಟದ ಹರಿತವಾದ ದಾರ, ಕೊರೆದಿತ್ತು. ಪ್ರಣವ್ ತನ್ನ ಪಟದ ದಾರ ಸುತ್ತಿದ ಫಿರ್ಕಿ ಕೆಳಗಿಟ್ಟು, ಜೇಬಿನಿಂದ ಗ್ಲೌಸು ತೆಗೆದು ತೊಟ್ಟ. ಎಷ್ಟು ನಯವಾಗಿ ಬಿಡಿಸಿದನೆಂದರೆ, ಫೋನು ಹಿಡಿದ ನನ್ನ ಕಣ್ಣೂ ತುಂಬಿತು.

ಆಮೇಲೆ ಆ ದಾರದ ಹಾದಿ ಕಾಣಿಸಿತು. ಹದ್ದಿನ ರೆಕ್ಕೆಯಿಂದ ಹೊರಟದ್ದು ನೇರವಾಗಿ ಅವನ ಫಿರ್ಕಿಗೇ ಹೋಗಿತ್ತು!

“ಇದು ನೈಲಾನ್ ಅಲ್ಲವೇನಪ್ಪಾ? ನಿಷೇಧವಿದೆಯಲ್ಲ?”

“ಹತ್ತಿ ದಾರ ಹಿಡಿದ್ರೆ ಈ ಊರಲ್ಲಿ ಒಂದು ಪಟಾನೂ ಉಳಿಯಲ್ಲ ಸರ್.”

“ಮತ್ತೆ ಹಕ್ಕಿ?”

“ಅದಕ್ಕೇ ಅಲ್ವಾ ಸರ್, ಗ್ಲೌಸ್ ಇಟ್ಕೊಂಡಿರೋದು!”

ಅವನು ತಮಾಷೆ ಮಾಡುತ್ತಿರಲಿಲ್ಲ. ಚಿಕ್ಕಿ ಹಂಚುತ್ತಿದ್ದ ಪಕ್ಕದ ಮನೆಯ ಕೋಕಿಲಾಬೆನ್‌ಗೆ ನಾನು ವಿಷಯ ಹೇಳಿದೆ. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೇಟಾ, ತೂ ಡಾಕ್ಟರ್ ಹೈ ಕಿ ಬೀಮಾರಿ?” ಎಂದರು. ನೀನು ವೈದ್ಯನೋ, ರೋಗವೋ? ಹುಡುಗ ನಕ್ಕು, ಹದ್ದನ್ನು ಪೆಟ್ಟಿಗೆಯಲ್ಲಿಟ್ಟು ಚಿಕಿತ್ಸಾ ಶಿಬಿರಕ್ಕೆ ಸ್ಕೂಟರ್ ಓಡಿಸಿದ. (ಸ್ಕೂಟರಿಗೆ ಮಾಂಜಾ ತಡೆಯುವ ತಂತಿಯ ಕಮಾನಿದೆ. ತನ್ನ ಕುತ್ತಿಗೆಯ ಬಗ್ಗೆ ಅವನಿಗೆ ಪೂರ್ಣ ಕಾಳಜಿ.)

ನಾನು ಮನಶ್ಶಾಸ್ತ್ರಜ್ಞನಲ್ಲ, ಶಾಸನಗಳ ತೇದಿ ಪರಿಶೀಲಿಸುತ್ತಲೇ ನಿವೃತ್ತನಾದವನು. ಆತ್ಮರತಿ, ಕುಟಿಲತೆ, ನಿಷ್ಕರುಣೆ ಇವನ್ನು ಆ ಶಾಸ್ತ್ರದವರು ವ್ಯಕ್ತಿತ್ವದ ಕರಾಳ ಗುಣಗಳೆನ್ನುತ್ತಾರೆ. ಈ ಗುಣಗಳಿರುವವರು ಯಾರಿಗೂ ನೆರವಾಗರೆಂದು ನಂಬಿದ್ದೆ. ಈ ಹುಡುಗ ನೆರವಾಗುತ್ತಾನೆ, ಅದೂ ನನಗಿಂತ ಚೆನ್ನಾಗಿ. ನನಗೆ ಆ ಹದ್ದನ್ನು ಮುಟ್ಟುವ ಧೈರ್ಯವೂ ಇರಲಿಲ್ಲ. ಹಾಗಾದರೆ ಕರುಣೆಯೆಂದು ನಾವು ಕರೆಯುವುದು ಯಾವುದನ್ನು? ಮನಸ್ಸನ್ನೋ, ಕೈಯನ್ನೋ? ನೋಡುವವರಿಲ್ಲದಿದ್ದರೆ ಆ ಕೈ ಚಾಚುತ್ತಿತ್ತೇ?

ಇಂದು ವಾಸಿ ಉತ್ತರಾಯಣ. ಬೆಳಿಗ್ಗೆಯೇ ಅವನ ಮೆಸೇಜು: “ಹದ್ದು ಬದುಕಿತು ಸರ್! ವಿಡಿಯೊ ಸಖತ್ ಓಡ್ತಿದೆ. ಇವತ್ತೂ ಟೆರೇಸಿಗೆ ಬನ್ನಿ, ಫೋನ್ ನೀವೇ ಚೆನ್ನಾಗಿ ಹಿಡೀತೀರಿ.”

ಮೇಲಿನಿಂದ ಕೂಗಾಟ ಕೇಳುತ್ತಿದೆ. ಕುಳಿತಲ್ಲಿ ಕೂರಲಾಗದೆ ಮೆಟ್ಟಿಲಿನವರೆಗೆ ಹೋಗಿ ಬರುತ್ತಿದ್ದೇನೆ. ಆ ಹಸಿರು ಫಿರ್ಕಿಯನ್ನು ಕಿತ್ತುಕೊಳ್ಳಲೇಬೇಕು. ಆದರೆ ಆಕಾಶದ ತುಂಬ ಬೇರೆಯವರ ಮಾಂಜಾ ಇದೆ, ಹಕ್ಕಿಗಳು ಬೀಳುತ್ತಲೇ ಇರುತ್ತವೆ.

ಫಿರ್ಕಿ ಕಿತ್ತುಕೊಂಡರೆ, ಅವನು ಗ್ಲೌಸನ್ನೂ ಕಳಚಿಟ್ಟುಬಿಡುವನೇ?