ಅಟ್ಟದ ಕೆಳಗಿನ ಕೋಣೆ

2002ನೇ ಇಸವಿ. ನನಗಾಗ ಇಪ್ಪತ್ತಮೂರು ವರ್ಷ. ತಿಪಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ಮದುವೆ ಪತ್ರಿಕೆ, ಪರೀಕ್ಷೆಯ ಗೈಡು, ಸಂಘಗಳ ವರದಿ, ಇಂಥ ಕೆಲಸ. ತುರುವೇಕೆರೆ ಕಡೆಯ ನಮ್ಮ ಹಳ್ಳಿಯಿಂದ ಹೋಗಿ ಬರಲು ಎರಡೆರಡು ಬಸ್ಸು ಹಿಡಿಯಬೇಕಿತ್ತು. ಜನವರಿಯಲ್ಲಿ ಮಾಲೀಕರೇ ಕರೆದು, "ಇಲ್ಲಿ ಜಾಗ ಸಾಲ್ತಿಲ್ಲ ಕಣಪ್ಪ. ಆ ಹಳೇ ಕಂಪ್ಯೂಟರ್ ತಗೊಂಡೋಗು, ಮನೇಲೇ ಕೂತು ಟೈಪ್ ಮಾಡು. ಫ್ಲಾಪಿ ಬಸ್ಸಿನೋರ ಕೈಲಿ ಕಳ್ಸು" ಎಂದರು. ಬೆಳಗಿನ ಬಸ್ಸಿನ ಕಂಡಕ್ಟರು ಹಸ್ತಪ್ರತಿ ತಂದುಕೊಡುವುದು, ಸಂಜೆಯ ಬಸ್ಸಿಗೆ ನಾನು ಫ್ಲಾಪಿ ಕೊಡುವುದು ಎಂದು ಗೊತ್ತುಮಾಡಿಕೊಂಡೆವು.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಎಷ್ಟು ಪುಟ ಟೈಪಾಯಿತು, ಕರೆಂಟು ಎಷ್ಟು ಹೊತ್ತು ಹೋಗಿತ್ತು, ಎಲ್ಲವನ್ನೂ ಬರೆದಿಡುತ್ತಿದ್ದೆ. ಮೊದಲು ನಡುಮನೆಯಲ್ಲಿ ಟ್ರಂಕಿನ ಮೇಲೆ ಕಂಪ್ಯೂಟರ್ ಇಟ್ಟು, ಮಣೆಯ ಮೇಲೆ ಕೂರುತ್ತಿದ್ದೆ. ಫೆಬ್ರವರಿಯ ಇಪ್ಪತ್ತೆಂಟು ದಿನಗಳಲ್ಲಿ ಹತ್ತೊಂಬತ್ತು ದಿನ 'ಬೆನ್ನು ನೋವು' ಎಂದಿದೆ, ಹನ್ನೊಂದು ದಿನ 'ಕಣ್ಣುರಿ' ಎಂದಿದೆ. ಹೀಗೇ ಆದರೆ ಕೆಲಸ ಕೈಬಿಟ್ಟುಹೋಗುತ್ತದೆ ಎಂದು ಹೆದರಿ, ಕೂತು ದುಡಿಯಲು ಸರಿಯಾದ ಒಂದು ಕೋಣೆ ಮಾಡಿಕೊಳ್ಳಲು ಹೊರಟೆ.

ಆರಿಸಿಕೊಂಡದ್ದು ಅಟ್ಟದ ಕೆಳಗಿನ ಕೋಣೆಯನ್ನು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರಿ ಅದು ಉಂಡೆ ಕೊಬ್ಬರಿಯಾಗುತ್ತದೆ. ಮೇಲೆ ಕಾಯಿಯ ರಾಶಿ ಇರುವುದರಿಂದ ಬೇಸಿಗೆಯಲ್ಲೂ ಆ ಕೋಣೆ ತಂಪು. ನಾನು ಅಳತೆ ಹಿಡಿದು ಕೆಲಸ ಶುರುಮಾಡಿದೆ. ಬೆಳಕು ಪರದೆಯ ಮೇಲೆ ಬೀಳದೆ ಎಡಗಡೆಯಿಂದ ಬರುವಂತೆ ಮೇಜಿನ ಜಾಗ ಗುರುತು ಮಾಡಿದೆ. ಮುಂಗೈ ಮಟ್ಟವಾಗಿರಲೆಂದು ಮೇಜಿನ ಕಾಲುಗಳನ್ನು ಎರಡು ಅಂಗುಲ ಕೊಯ್ಯಿಸಿದೆ. ಪಾದ ಊರಲು ಇಟ್ಟಿಗೆ ಇಟ್ಟೆ. ಬೆತ್ತದ ಕುರ್ಚಿ ತಂದೆ. ಎಲ್ಲ ಸರಿಹೋಯಿತು, ಆದರೆ ಕುರ್ಚಿ ಬರಬೇಕಾದ ಜಾಗದಲ್ಲೇ ಒಂದು ಕಂಬ ನಿಂತಿತ್ತು.

ಹಿಡಿದು ಅಲ್ಲಾಡಿಸಿದೆ. ಅಲ್ಲಾಡಿತು! ಏಣಿ ಹತ್ತಿ ನೋಡಿದರೆ ಕಂಬದ ತಲೆಗೂ ಅಟ್ಟದ ತೊಲೆಗೂ ನಡುವೆ ಸಂದು ಇತ್ತು. ಒಂದು ಪೋಸ್ಟ್ ಕಾರ್ಡ್ ತೂರಿಸಿದೆ, ಸಲೀಸಾಗಿ ಹೋಯಿತು. ತೊಲೆ ಕಂಬದ ಮೇಲೆ ಕೂತೇ ಇಲ್ಲ ಎಂದ ಮೇಲೆ ಕಂಬ ಇದ್ದು ಏನು ಮಾಡುತ್ತಿದೆ? ಅಪ್ಪನನ್ನು ಕರೆದು ಕಾರ್ಡು ತೋರಿಸಿದೆ. ಅಪ್ಪ ಕತ್ತೆತ್ತಿ ತುಂಬಾ ಹೊತ್ತು ನೋಡಿದರು.

"ನಿಮ್ ತಾತ ಇಟ್ಟಿದ್ದು ಕಣ್ಲಾ ಅದು."

"ಅದಕ್ಕೆ ಏನೂ ಕೆಲ್ಸ ಇಲ್ಲ ಕಣಪ್ಪ. ನೋಡು, ಅಳ್ತೆ ಬರ್ದಿದೀನಿ."

"ಹಂಗಾದ್ರೆ ತೆಗ್ದಾಕ್ ಬುಡು" ಎಂದರು.

ಅಂದು ಮಾರ್ಚ್ ಏಳು. 'ಕಂಬ ತೆಗೆದೆ. ಕೋಣೆ ಪೂರ್ತಿಯಾಯಿತು' ಎಂದು ಬರೆದೆ. ಒಂದು ವಿಷಯ ಬರೆಯಲಿಲ್ಲ, ಏಕೆಂದರೆ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಹಿಂದಿನ ವಾರವಷ್ಟೇ ಹಳೆಯ ಕಾಯಿಯನ್ನೆಲ್ಲ ಇಳಿಸಿ ಸುಲಿಸಿದ್ದೆವು. ನಾನು ಪರೀಕ್ಷೆ ಮಾಡಿದ ದಿನ ಅಟ್ಟ ಬರಿದಾಗಿತ್ತು.

ಆಮೇಲಿನ ತಿಂಗಳುಗಳು ನನ್ನ ಪಾಲಿಗೆ ಸುಖದ ದಿನಗಳು. ಏಪ್ರಿಲಿನಲ್ಲಿ ಬೆನ್ನು ನೋವು ನಾಲ್ಕೇ ದಿನ, ಜೂನಿನಲ್ಲಿ ಒಂದೂ ಇಲ್ಲ. ದಿನಕ್ಕೆ ಒಂಬತ್ತು ಪುಟ ಮಾಡುತ್ತಿದ್ದವನು ಹದಿನಾಲ್ಕು ಮಾಡತೊಡಗಿದೆ. ಮಾಲೀಕರು ಫೋನ್ ಮಾಡಿ ಹೊಗಳಿದರು. ಇತ್ತ ಕೆಡವಿದ ಕಾಯಿ ಗಾಡಿ ಗಾಡಿ ಬಂದು ಅಟ್ಟ ಸೇರುತ್ತಿತ್ತು. ಸೆಪ್ಟೆಂಬರಿನಿಂದ ಕೀಬೋರ್ಡಿನ ಮೇಲೆ ಮರದ ಪುಡಿ ಬೀಳುತ್ತಿತ್ತು. ಹುಳು ಬಿದ್ದಿರಬೇಕೆಂದುಕೊಂಡು ಒರೆಸಿಹಾಕುತ್ತಿದ್ದೆ.

ಡಿಸೆಂಬರ್ ಮೂರು, ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಬಾಷಾ ಸಾಬ್ರು ಬಂದರು. ಬಹಳ ವರ್ಷಗಳಿಂದ ನಮ್ಮ ಕೊಬ್ಬರಿ ಕೊಳ್ಳುವವರು ಅವರೇ. ಅಪ್ಪನಿಗೆ ಒಳ್ಳೆಯ ಸ್ನೇಹಿತರು.

"ಗೌಡ್ರೇ, ಮೊದಲ್ನೇ ಕಾಯಿ ಆಗಿದ್ಯೋ ಇಲ್ವೋ? ನೀವು ಬುಡೋ ಬುರುಡೆ ಬೇಡ, ಕಾಯಿ ಇಳ್ಸಿ, ನಾನೇ ಅಲ್ಲಾಡ್ಸಿ ನೋಡ್ತೀನಿ."

"ನಿಮ್ ಕಿವಿ ಮಂದ ಆಗೈತೆ ಸಾಬ್ರೇ, ಅಲ್ಲಾಡ್ಸಿ ಏನು ಕೇಳಿಸ್ಕೊಂಡೀರಿ?" ಎನ್ನುತ್ತಾ ಅಪ್ಪ ನಡುಮನೆಯ ಏಣಿ ಹತ್ತಿ ಅಟ್ಟಕ್ಕೆ ಹೋದರು. ಮೊದಲು ಹಾಕಿದ ಕಾಯಿ ಇದ್ದದ್ದು ಆಚೆ ತುದಿಯಲ್ಲಿ, ನನ್ನ ಕಿಟಕಿಯ ನೇರಕ್ಕೆ.

ಸಾಬ್ರು ನನ್ನ ಕೋಣೆಗೆ ಬಂದರು. ನಾನು ಎದ್ದು ಕುರ್ಚಿ ಕೊಟ್ಟೆ. ಒರಗಿ ಕೂತು, "ಅರೆ, ಆಫೀಸು ಜೋರಾಗೈತಲ್ಲ ತಮ್ಮಾ!" ಎಂದವರು ಮೇಲೆ ನೋಡಿದರು. ನಗು ನಿಂತುಹೋಯಿತು.

"ಇಲ್ಲೊಂದು ಕಂಬ ಇತ್ತಲ್ಲ?"

"ತೆಗ್ದೆ ಸಾಬ್ರೇ. ಅದು ಅಲ್ಲಾಡ್ತಿತ್ತು, ಸುಮ್ನೆ ನಿಂತಿತ್ತು."

"ಯಾವಾಗ? ಅಟ್ಟ ಖಾಲಿ ಇದ್ದಾಗ್ಲಾ?"

ನಾನು ಹೂಂ ಎಂದೆ. ಅವರು ಕುರ್ಚಿಯಿಂದ ಎದ್ದರು. ನಾನೂ ತಲೆಯೆತ್ತಿದೆ. ತೊಲೆ ನಡುವೆ ಜೋತುಬಿದ್ದಿತ್ತು. ಅದರ ಹೊಟ್ಟೆಯಲ್ಲಿ ಉದ್ದಕ್ಕೆ ಸೀಳು ಬಿಟ್ಟು, ಒಳಗಿನ ಹಸಿ ಬಣ್ಣ ಕಾಣುತ್ತಿತ್ತು.

"ಖಾಲಿ ಅಟ್ಟಕ್ಕೆ ಕಂಬ ಯಾಕೆ ಬೇಕು ತಮ್ಮಾ? ಭಾರ ಬಿದ್ದು ತೊಲೆ ಇಳಿದ್ರೆ ತಡ್ಕೊಳ್ಳಲಿ ಅಂತ ಇಟ್ಟಿರ್ತಾರೆ" ಎಂದು ಪಿಸುಗುಟ್ಟಿದರು. "ಆ ಕಂಬ ತತ್ತಾ, ಬೇಗ."

"ಇಲ್ಲ ಸಾಬ್ರೇ. ಹಂಡೆ ಒಲೆಗೆ ಹಾಕ್ಬಿಟ್ವಿ."

ಅಷ್ಟರಲ್ಲಿ ಮೇಲೆ ಅಪ್ಪನ ಹೆಜ್ಜೆ ಕೇಳಿಸಿತು. ಕಾಯಿ ಆರಿಸಿಕೊಂಡು ಹೊರಟಿದ್ದಾರೆ. ಏಣಿಯ ಕಡೆ ಬರಬೇಕಾದರೆ ಅಟ್ಟದ ನಡುವೆಯೇ ದಾಟಬೇಕು. ನಾನು ಕಿರುಚಿಕೊಳ್ಳುವುದರಲ್ಲಿದ್ದೆ. ಸಾಬ್ರು ಮಾತ್ರ ಸಂತೆಯಲ್ಲಿ ಮಾತಾಡುವಂತೆ ಮಾಮೂಲಿ ದನಿಯಲ್ಲಿ ಹೇಳಿದರು:

"ಗೌಡ್ರೇ, ಅಲ್ಲೇ ನಿಂತ್ಕಳಿ. ಇತ್ತಾಗ್ ಬರ್ಬೇಡಿ."

"ಯಾಕ್ ಸಾಬ್ರೇ, ಕಾಯಿ ಬೇಡ್ವಾ?"

"ತೊಲೆ ಬುಟ್ಕಳ್ತಾ ಐತೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ. ಗೋಡೆ ಮೇಲೆ ಕಾಲಿಡಿ, ಮೇಲಿನ ಜಂತೆ ಹಿಡ್ಕಳಿ."

ಮೇಲೆ ಸದ್ದು ನಿಂತಿತು. ಆಮೇಲೆ ಒಂದು ಹೆಜ್ಜೆ. ಇನ್ನೊಂದು. ನಾನು ಮಾಡಿದ್ದನ್ನು ಇಂದಿಗೂ ಹೇಳಿಕೊಳ್ಳಲು ನಾಚಿಕೆ. ಆ ಹೊತ್ತಿನಲ್ಲಿ ನನ್ನ ಕೈ ಫ್ಲಾಪಿ ತೆಗೆಯಲು ಕಂಪ್ಯೂಟರಿನ ಕಡೆ ಹೋಯಿತು. ಸಾಬ್ರು ನನ್ನ ಅಂಗಿಯ ಕಾಲರ್ ಹಿಡಿದು ಬಾಗಿಲಾಚೆಗೆ ಎಳೆದದ್ದಷ್ಟೇ ಗೊತ್ತು. ಪಟಾರೆಂದು ಮರ ಮುರಿಯಿತು. ಹಿಂದೆಯೇ ಕಾಯಿ ಸುರಿಯಿತು. ಎಷ್ಟು ಹೊತ್ತು ಸುರಿಯಿತೋ ತಿಳಿಯದು, ನಿಂತಿತು ಎನ್ನುವಾಗ ಮತ್ತೆ ಉರುಳುತ್ತಿತ್ತು. ಕಾಯಿಗಳು ಹೊಸಿಲು ದಾಟಿ ನಮ್ಮ ಕಾಲಿಗೆ ಬಂದು ಬಡಿದವು. ಕೋಣೆಯೊಳಗೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

ಹಿತ್ತಿಲಿನಿಂದ ಅವ್ವ ಕಿರುಚಿಕೊಂಡು ಓಡಿಬಂದಳು. ಧೂಳಿನೊಳಗಿಂದ ಅಪ್ಪನ ಕೂಗು ಕೇಳಿಸಿತು.

"ಮಂಜಾ! ಕುರ್ಚೀಲಿದ್ಯೇನ್ಲಾ? ಲೇ ಮಂಜಾ!"

"ನನ್ ಕೈಲೇ ಅವ್ನೆ ಗೌಡ್ರೇ! ನೀವು ಕೈ ಬುಡ್ಬೇಡಿ!" ಎಂದು ಸಾಬ್ರು ಕೂಗಿದರು. ಧೂಳು ಇಳಿದಾಗ ನೋಡಿದರೆ, ಅಪ್ಪ ಕಿಟಕಿಯ ಮೇಲಿನ ಗೋಡೆಯ ತುದಿಯಲ್ಲಿ ಕಾಲೂರಿ, ಸೂರಿನ ಜಂತೆಯನ್ನು ತಬ್ಬಿಕೊಂಡು ನಿಂತಿದ್ದರು. ಕೆಳಗೆ ಮೇಜು, ಕುರ್ಚಿ, ಕಂಪ್ಯೂಟರ್ ಯಾವುದೂ ಕಾಣುತ್ತಿರಲಿಲ್ಲ. ಎದೆಮಟ್ಟದ ಕಾಯಿ ರಾಶಿ. ಹೊರಗಿನಿಂದ ಏಣಿ ಹಾಕಿ, ಹೆಂಚು ತೆಗೆದು ಅಪ್ಪನನ್ನು ಇಳಿಸಿದೆವು. ಮೊಣಕಾಲು ತರಚಿತ್ತು, ಅಷ್ಟೇ.

ಅಪ್ಪ ಜಗಲಿಯ ಮೇಲೆ ಕೂತು ಎರಡು ಚೊಂಬು ನೀರು ಕುಡಿದರು. ಬೈಯಲಿ, ಎರಡು ಏಟು ಹಾಕಲಿ ಎಂದು ನಾನು ಎದುರಿಗೆ ನಿಂತಿದ್ದೆ. ಸಾಬ್ರಿಗೇ ತಡೆಯಲಾಗಲಿಲ್ಲ.

"ಅಲ್ಲ ಗೌಡ್ರೇ, ಹುಡ್ಗುಂಗೆ ಗೊತ್ತಾಗ್ಲಿಲ್ಲ, ಸರಿ. ನೀವು ದಿನಾ ಅಟ್ಟ ಹತ್ತೋರು. ತೊಲೆ ಬಗ್ಗಿದ್ದು ನಿಮ್ ಕಣ್ಣಿಗೆ ಬೀಳ್ಲಿಲ್ವಾ?"

ಅಪ್ಪ ನನ್ನ ಮುಖ ನೋಡದೆ ಹೇಳಿದರು: "ಬಿತ್ತು. ದೀಪಾವಳಿಗೆ ಮುಂಚೇನೇ ಬಿತ್ತು. ಇವ್ನು ಲೆಕ್ಕ ಹಾಕಿ ಮಾಡವ್ನೆ, ಅಷ್ಟು ಬಗ್ಗೋದೂ ಇವ್ನ ಲೆಕ್ಕದಲ್ಲಿ ಇರ್ತದೆ ಅಂದ್ಕಂಡೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಬಗ್ಗಿದ ತೊಲೆಯನ್ನು ಕಣ್ಣಾರೆ ಕಂಡೂ ಅಪ್ಪ ದಿನಾ ಅದರ ಮೇಲೆ ನಡೆದಿದ್ದರು. ಅಳತೆ ಬರೆದವನು ನಾನು ಎಂಬುದೊಂದೇ ಅವರಿಗಿದ್ದ ಧೈರ್ಯ.

ಈಗ ವರ್ಷಗಳೇ ಕಳೆದಿವೆ. ಮನೆಯಲ್ಲೇ ಕೂತು ದುಡಿಯುತ್ತಿದ್ದೇನೆ, ಬೇರೆ ಕೋಣೆಯಲ್ಲಿ. ಅಂದಿನಿಂದ ಅಪ್ಪನಿಗೆ ಯಾವುದೇ ಅಳತೆ ತೋರಿಸಿದರೂ ಅವರು ತಲೆಯಾಡಿಸಿದ ಮಾತ್ರಕ್ಕೆ ನಾನು ಮುಂದುವರಿಯುವುದಿಲ್ಲ. "ನನ್ ಲೆಕ್ಕ ಹಾಳಾಗ್ಲಿ ಕಣಪ್ಪ, ನಿಂಗೆ ಏನು ಕಾಣ್ತಾ ಐತೆ ಹೇಳು" ಎಂದು ಕೇಳುತ್ತೇನೆ. ಅವರು ಹೇಳುವವರೆಗೂ ಕಾಯುತ್ತೇನೆ.