ಸೈಟಿಗೆ ಒಯ್ದ ಹತ್ತು ಪ್ರತಿಗಳು

ಸೆಮಿಸ್ಟರ್ ಮುಗಿಯುವಾಗ ನಮ್ಮ ಪತ್ರಿಕೋದ್ಯಮ ವಿಭಾಗದಲ್ಲಿ ಎಲ್ಲರೂ ಒಂದು ಪುಟ ಬರೆದುಕೊಡಬೇಕಿತ್ತು: ಈ ಆರು ತಿಂಗಳಲ್ಲಿ ವರದಿಗಾರರಾಗಿ ನೀವು ಎಷ್ಟು ಬೆಳೆದಿರಿ? ನಾನು ಎಷ್ಟು ಬೆಳೆದಿದ್ದೆನೆಂದರೆ ಒಂದು ಪುಟ ಸಾಲದೆ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ಜನರ ವಿಶ್ವಾಸ ಗಳಿಸುವುದನ್ನು ಕಲಿತೆ ಎಂದು ಬರೆದೆ. ಒಳ್ಳೆಯ ಅಂಕವೂ ಬಂತು. ಬರೆಯದೆ ಬಿಟ್ಟದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗ ತೆಲುಗು ನಾಡಿನ ಆ ನಗರದಂಚಿಗೆ, ಮಣಿಕೊಂಡದ ಕಡೆ, ಬಂಡೆ ಒಡೆದಲ್ಲೆಲ್ಲ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ವಿಭಾಗದ ಇಂಗ್ಲಿಷ್ ಪತ್ರಿಕೆಗೆ ಕೂಲಿಕಾರರ ಬಗ್ಗೆ ಬರೆಯಲು ವಿಭಾಗವಿದ್ದ ತಾರ್ನಾಕದಿಂದ ಎರಡು ಬಸ್ಸು ಬದಲಿಸಿ ಹೋದೆ. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಒಬ್ಬ ಹೆಂಗಸು ಯಾದಗಿರಿ ಕಡೆಯವಳು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಅವಳ ಮುಖ ಅರಳಿತು. ನಾಲ್ಕು ಮಾರು ದೂರದಲ್ಲಿ ಕನ್ನಡ ಬಾರದ ತೆಲುಗು ಮೇಸ್ತ್ರಿ ನಿಂತಿದ್ದ. ಮದುವೆಮನೆ ಸುದ್ದಿ ಹೇಳುವವಳ ಹಾಗೆ ನಗುನಗುತ್ತಾ ಅವಳೆಂದಳು: “ಟ್ಯಾಂಕರ್ ನೀರು ಮೊದಲ ಗ್ವಾಡಿಗಿ ಹಾಕ್ತಾರ್ರೀ ಅಕ್ಕಾರ, ಉಳದ್ರ ನಮಗ ಕುಡಿಲಾಕ. ಬಾಯಿ ಬಿಟ್ರ ನಾಳಿಂದ ಬರಬ್ಯಾಡ ಅಂತಾನ ಇಂವ.”

ಅವನೆದುರಿಗೇ ಇಷ್ಟು ಧೈರ್ಯವಾಗಿ ಹೇಗೆ ಹೇಳಿದಳೆಂದು ನಾನು ಯೋಚಿಸಲಿಲ್ಲ. ಎಲ್ಲ ನನ್ನ ಸಂದರ್ಶನದ ಮಹಿಮೆ ಅಂದುಕೊಂಡೆ. ಹೆಸರಿಲ್ಲದ ಮಾತು ಸುದ್ದಿಯಲ್ಲ ಎಂದು ನಮ್ಮ ಸರ್ ಕಲಿಸಿದ್ದರು. ಹೆಸರು, ವಯಸ್ಸು, ಊರು, ಫೋಟೋ ಹಾಕಿ, ಅವಳ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದೆ.

ಪತ್ರಿಕೆ ಅಚ್ಚಾದ ದಿನ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ನಾನೇ ಸೈಟಿಗೆ ಹೋದೆ. ಅವಳಿಗೆ ಓದು ಬಾರದು. ತನ್ನ ಫೋಟೋ ನೋಡಿ ಸೆರಗು ಬಾಯಿಗೊತ್ತಿ ನಕ್ಕಳು. ಅಲ್ಲಿ ಇಂಗ್ಲಿಷ್ ಬಲ್ಲವರು ಸೈಟ್ ಇಂಜಿನಿಯರ್ ಒಬ್ಬರೇ. ಅವರು ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಕೊನೆಯ ಸಾಲಿನವರೆಗೂ ಓದಿದರು. ಮೇಸ್ತ್ರಿಯನ್ನು ಕರೆದು ತೆಲುಗಿನಲ್ಲೂ ಓದಿ ಹೇಳಿದರು. ಇಷ್ಟು ಶ್ರದ್ಧೆಯ ಓದುಗರು ನನಗೆ ಮತ್ತೆ ಸಿಕ್ಕಿಲ್ಲ.

ಮುಂದಿನ ವಾರ ಹೋದಾಗ ಅವಳಿರಲಿಲ್ಲ. ಪತ್ರಿಕೆ ಬಂದ ಮರುದಿನವೇ ಅವಳನ್ನೂ ಅವಳ ಗಂಡನನ್ನೂ ಕೆಲಸದಿಂದ ಬಿಡಿಸಿದರೆಂದು ವಾಚ್‌ಮನ್ ಹೇಳಿದ. ಅವಳ ಜೊತೆ ಇಟ್ಟಿಗೆ ಹೊರುತ್ತಿದ್ದ ಅವಳೂರಿನ ಗೆಳತಿಯನ್ನು ಹುಡುಕಿ ಕೇಳಿದೆ: “ಆಕಿ ಎಲ್ಲಿಗೆ ಹೋದ್ಲವ್ವಾ?”

ಗೆಳತಿ ನನ್ನನ್ನು ಚೆನ್ನಾಗಿಯೇ ಗುರುತಿಸಿದಳು. ಒಮ್ಮೆ ನನ್ನ ಚೀಲದ ಕಡೆ ನೋಡಿದಳು. ಆಮೇಲೆ ಬುಟ್ಟಿ ತಲೆಗೇರಿಸಿಕೊಂಡು ಹಿಂದಿಯಲ್ಲಿ ಅಂದಳು:

“ನಹೀ ಮಾಲೂಮ್, ಮೇಡಂ.”