ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡು

ನಮ್ಮ ಅಂಕೋಲೆಯಲ್ಲಿ ಯಂತ್ರಗಳೂ ಬಟ್ಟೆ ತೊಡುತ್ತವೆ. ಟಿವಿಗೆ ನೆರಿಗೆಯಿಟ್ಟ ಲಂಗ, ಮಿಕ್ಸರಿಗೆ ಕುಲಾವಿ, ಕಂಪ್ಯೂಟರು ಬಂದಮೇಲೆ ಅದರ ಪೆಟ್ಟಿಗೆಗೂ ಮಾನಿಟರಿಗೂ ಒಂದೊಂದು ಹೂವಿನ ಅಂಗಿ. ಕಡಲ ಕಡೆಯಿಂದ ಬರುವ ಉಪ್ಪುಗಾಳಿ ಕಿಟಕಿಯ ಸರಳನ್ನೇ ಪದರ ಪದರವಾಗಿ ಎಬ್ಬಿಸುವಾಗ, ಸೂಕ್ಷ್ಮವಾದ ತಂತಿಗಳನ್ನು ಬಿಟ್ಟೀತೇ ಎಂಬ ಚಿಂತೆಯಿಂದ ಹುಟ್ಟಿದ ಪದ್ಧತಿ ಇದು. ಕೆಲಸ ಮುಗಿದ ಯಂತ್ರ ಬತ್ತಲೆ ನಿಂತಿದ್ದರೆ ದಾಟಿಹೋಗುವವರು ಯಾರೇ ಆಗಲಿ ಅದಕ್ಕೊಂದು ಬಟ್ಟೆ ಎಳೆದೇ ಹೋಗುತ್ತಾರೆ. ನಿದ್ದೆಹೋದ ಮಗುವಿಗೆ ಚಾದರ ಹೊದೆಸಿದ ಹಾಗೆ.

ಈ ಅಂಗಿಗಳನ್ನು ಹೊಲಿಯುವವಳು ನನ್ನ ಅಕ್ಕ ಶಾರದೆ. ರವಿಕೆ ಹೊಲಿದು ಉಳಿದ ತುಂಡುಗಳು ಅವಳ ಕೈಯಲ್ಲಿ ಯಂತ್ರವಸ್ತ್ರಗಳಾಗುತ್ತಿದ್ದವು. ನಡುಮನೆಯಲ್ಲಿ ಅವಳ ಹೊಲಿಗೆ ಯಂತ್ರ. ಗೋಡೆಯ ಈಚೆ, ಹೊರಕೋಣೆಯಲ್ಲಿ, ನನ್ನ ಕಂಪ್ಯೂಟರು. ಇನ್ನೂ ಪಾಯ ತೋಡದ ಮನೆಗಳನ್ನು ಕಟ್ಟಿ ಮುಗಿಸಿದಂತೆ ತೆರೆಯ ಮೇಲೆ ತೋರಿಸುವುದು ನನ್ನ ಉದ್ಯೋಗ. ಕಾರವಾರದ ಎಂಜಿನಿಯರರು ನಕಾಶೆ ಕೊಡುತ್ತಿದ್ದರು, ನಾನು ಅದಕ್ಕೆ ಗೋಡೆ, ಬಣ್ಣ, ನೆರಳು ಹಚ್ಚಿ ಸುತ್ತ ತಿರುಗಿಸುತ್ತಿದ್ದೆ. ಹೀಗೆ ತಿರುಗಿಸುವ ಹೊರೆಯೆಲ್ಲ ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಹೊರೆ ಬಿದ್ದಾಗ ಅದು ಕಾಯುತ್ತದೆ, ಕಾದಾಗ ಅದರ ಬೆನ್ನ ಮೇಲಿನ ಪುಟ್ಟ ಫ್ಯಾನು ಚೀರುತ್ತದೆ. ಹಟ್ಟಿಕೇರಿಯವರೊಬ್ಬರ ಮಹಡಿ ಮನೆಗೆ ಒಂದು ಪ್ರದಕ್ಷಿಣೆ ಬರುವಷ್ಟರಲ್ಲಿ ನಮ್ಮ ಹೊರಕೋಣೆ ಹಿಟ್ಟಿನ ಗಿರಣಿಯಾಗುತ್ತಿತ್ತು.

ಗಿರಣಿಯಾದರೆ ಆಗಲಿ ಎನ್ನಬಹುದಿತ್ತು, ಅಕ್ಕನಿಗೆ ಫಿಟ್ಸ್ ಇರದಿದ್ದರೆ.

ಚಿಕ್ಕಂದಿನಿಂದಲೂ ಇತ್ತು. ಗುಳಿಗೆಗೆ ಬಹುಮಟ್ಟಿಗೆ ಬಗ್ಗಿತ್ತು, ಪೂರ್ತಿ ಬಗ್ಗಿರಲಿಲ್ಲ. ಬರುವಾಗ ಕೂಗೂ ಇಲ್ಲ, ನರಳಿಕೆಯೂ ಇಲ್ಲ. ಕೂತಲ್ಲೇ ಕಣ್ಣು ಎಲ್ಲಿಗೋ ಹೋಗಿ, ಸ್ಟೂಲಿನಿಂದ ಪಕ್ಕಕ್ಕೆ ಉರುಳುತ್ತಾಳೆ. ಇದರ ಮುನ್ಸೂಚನೆಯೆಂದು ನನಗೆ ಸಿಗುತ್ತಿದ್ದುದು ಒಂದೇ: ಹೊಲಿಗೆ ಯಂತ್ರದ ಟಕಟಕ ನಿಲ್ಲುವುದು. ಆದರೆ ಹೊಲಿಗೆ ಯಂತ್ರ ನಿಲ್ಲುವುದಕ್ಕೆ ಜಗತ್ತಿನಲ್ಲಿ ಎಷ್ಟು ಕಾರಣಗಳಿವೆ! ದಾರ ಹರಿಯುತ್ತದೆ, ಬಾಬಿನ್ ಮುಗಿಯುತ್ತದೆ, ತೋಳಿನ ಅಳತೆ ಮರೆಯುತ್ತದೆ. ಒಂದೊಂದು ವಿರಾಮಕ್ಕೂ ನಾನು ಕೆಲಸ ಬಿಟ್ಟು ಗೋಡೆಗೆ ಕಿವಿಯಿಡುತ್ತಿದ್ದೆ. ಹೆದರಿದ್ದೇನೆಂದು ಹೇಳಲು ಗಂಡಸುತನ ಅಡ್ಡ ಬಂದು, "ಅಕ್ಕಾ, ಒಂಚೂರು ಚಾ" ಎಂದು ಕೂಗುತ್ತಿದ್ದೆ. "ಈಗಷ್ಟೇ ಕುಡಿದ್ಯಲ್ಲೋ, ಹೊಟ್ಟೆಯೋ ಬಾವಿಯೋ ಅದು?" ಎಂಬ ಉತ್ತರ ಬಂದರೆ ಬದುಕು ಮುಂದುವರಿಯುತ್ತಿತ್ತು. ಆ ವರ್ಷಗಳಲ್ಲಿ ನಾನು ಕುಡಿದ ಚಹದಲ್ಲಿ ರುಚಿಗಾಗಿ ಕುಡಿದದ್ದು ಬಹಳ ಕಡಿಮೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಬಿದ್ದಳು, ನನಗೆ ಕೇಳಿಸಲಿಲ್ಲ. ರವಿಕೆ ಕೊಡಲು ಹಿತ್ತಿಲ ಬಾಗಿಲಿನಿಂದ ಬಂದ ನೆರೆಮನೆಯ ಸುಶೀಲಕ್ಕ ಅವಳನ್ನು ಮಗ್ಗುಲಿಗೆ ಮಲಗಿಸಿ, ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು, "ಒಳಗೆ ಕೂತು ವಿಮಾನ ಹಾರಿಸ್ತೆ ಏನೋ? ಅಲ್ಲಿ ಅಕ್ಕ ಬಿದ್ಕಂಡದೆ!" ಎಂದರು. ಹಣೆಯ ಅಂಚಿನಲ್ಲಿ ಗಾಯ, ನೆಲದ ಮೇಲೆ ತೆರೆದ ಕತ್ತರಿ, ಕತ್ತರಿಗೂ ಕೊರಳಿಗೂ ನಡುವೆ ಒಂದು ಅಂಗೈಯಷ್ಟು ಜಾಗ. ಆಗ ಫ್ಯಾನು ಚೀರುತ್ತಿತ್ತು ಎಂದು ನನ್ನ ನೆನಪು ಪ್ರಮಾಣ ಮಾಡುತ್ತದೆ. ಅಕ್ಕನೋ, ಅಂದು ಕರೆಂಟೇ ಇರಲಿಲ್ಲ, ನಾನು ಕುರ್ಚಿಯಲ್ಲಿ ನಿದ್ದೆಹೋಗಿದ್ದೆ ಎಂದು ಸುಶೀಲಕ್ಕ ಹೇಳಿದ್ದರು ಎನ್ನುತ್ತಾಳೆ. ಕರೆಂಟಿಲ್ಲದೆ ವಿಮಾನ ಹಾರುವುದು ಹೇಗೆ? ವಿಮಾನದ ಮಾತನ್ನು ನಾನೇ ಆಮೇಲೆ ಸುಶೀಲಕ್ಕನ ಬಾಯಿಗೆ ಹಾಕಿದೆನೋ ಏನೋ. ನೆನಪಿಗೊಬ್ಬ ಅಪರಾಧಿ ಬೇಕು. ಫ್ಯಾನು ಕೈಗೆ ಸಿಕ್ಕಿರಬಹುದು. ಕತ್ತರಿಯ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಅಲ್ಲಿಂದ ನನ್ನ ವ್ಯಾಸಂಗ ಬದಲಾಯಿತು. ಕಂಪ್ಯೂಟರು ಪತ್ರಿಕೆಗಳಲ್ಲಿ ವೇಗವನ್ನು ಹೊಗಳುವ ಪುಟಗಳನ್ನು ಬಿಟ್ಟು, ಯಾವ ಕಾರ್ಡು ಎಷ್ಟು ಕಾಯುತ್ತದೆ, ಎಷ್ಟು ಗದ್ದಲ ಮಾಡುತ್ತದೆ ಎಂಬುದನ್ನೇ ಪಾರಾಯಣ ಮಾಡತೊಡಗಿದೆ. ಸಣ್ಣ ಫ್ಯಾನು ಸಾಕಷ್ಟು ಗಾಳಿ ತಳ್ಳಬೇಕಾದರೆ ವೇಗವಾಗಿ ತಿರುಗಬೇಕು, ಆದ್ದರಿಂದ ಕಿರುಚಲೇಬೇಕು. ದೊಡ್ಡದಾದರೆ ನಿಧಾನವಾಗಿ ತಿರುಗಿಯೂ ಕೆಲಸ ಮುಗಿಸುತ್ತದೆ ಎಂದು ತಿಳಿಯಿತು. ಅಕ್ಕನಿಗಿಂತಲೂ ಕುಳ್ಳನಾದ ನನಗೆ ಈ ನಿಯಮ ಅಷ್ಟೇನೂ ರುಚಿಸಲಿಲ್ಲ. ಕೊನೆಗೆ ಫ್ಯಾನೇ ಇಲ್ಲದ ಕಾರ್ಡುಗಳೂ ಇವೆ ಎಂದು ಓದಿದ ದಿನ ನನಗೆ ಮೋಕ್ಷಮಾರ್ಗ ಕಂಡಂತಾಯಿತು. ಅವುಗಳ ಮೇಲೆ ತಾಮ್ರದ ಕೊಳವೆಗಳೂ ಲೋಹದ ರೆಕ್ಕೆಗಳೂ ಇರುತ್ತವೆ. ಬಿಸಿ ಆ ರೆಕ್ಕೆಗಳಿಗೆ ಹರಿದು ಗಾಳಿಯಲ್ಲಿ ತಾನೇ ಕರಗಿಹೋಗುತ್ತದೆ.

ಕಾರವಾರದ ಬಸ್ ಸ್ಟ್ಯಾಂಡಿನ ಹಿಂದೆ ದಾಮೋದರನ ಕಂಪ್ಯೂಟರು ಅಂಗಡಿಯಿತ್ತು. ನನ್ನ ಕಾಲೇಜಿನ ಗೆಳೆಯ ಆತ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. "ಅರೇ, ಬಂದವರೆಲ್ಲ ಸ್ಪೀಡ್ ಕೇಳ್ತಾರೆ, ನೀನೊಬ್ಬ ಶಾಂತಿ ಕೇಳ್ತಿ. ಅಂಗಡಿಗ್ಯಾಕೆ ಬಂದೆ ರೇ, ಮಠಕ್ಕೆ ಹೋಗು" ಎಂದು ನಕ್ಕ. ಆದರೂ ಹುಬ್ಬಳ್ಳಿಯಿಂದ ತರಿಸಿಕೊಟ್ಟ. ಪೆಟ್ಟಿಗೆಯೊಳಗಿನ ಉಳಿದ ಫ್ಯಾನುಗಳು ಮೊದಲೇ ಸಾಧು ಸ್ವಭಾವದವು. ಹೊಸ ಕಾರ್ಡು ಕೂತಮೇಲೆ ಕಂಪ್ಯೂಟರು ಚಾಲೂ ಇದೆಯೋ ಇಲ್ಲವೋ ತಿಳಿಯಲು ಅದರ ದೀಪವನ್ನೇ ನೋಡಬೇಕಾಯಿತು. ಗೋಡೆಯಾಚೆಯ ಟಕಟಕ ನನ್ನ ಕೋಣೆಯೊಳಗೇ ನಡೆದಂತೆ ಸ್ಫುಟವಾಗಿ ಕೇಳತೊಡಗಿತು. ಇನ್ನು ಭಯವಿಲ್ಲ ಎಂದುಕೊಂಡೆ.

ಆದರೆ ಆ ವಾರದಿಂದಲೇ ಟಕಟಕ ಪದೇ ಪದೇ ನಿಲ್ಲತೊಡಗಿತು. ಮೊದಲು ಇಷ್ಟು ನಿಲ್ಲುತ್ತಿರಲಿಲ್ಲ. ನಿಂತರೆ ಬಹಳ ಹೊತ್ತು ಹೊರಡುತ್ತಲೂ ಇರಲಿಲ್ಲ. ಓಡಿ ಹೋಗಿ ನೋಡಿದರೆ ಅಕ್ಕ ಸ್ಟೂಲು ಬಿಟ್ಟು ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ ಕೂತಿರುತ್ತಿದ್ದಳು. ಕತ್ತರಿ ದೂರದ ಕಪಾಟಿನ ಮೇಲೆ. ನನ್ನನ್ನು ಕಂಡೊಡನೆ ಏನೂ ಆಗದವಳಂತೆ ಎದ್ದು ಯಂತ್ರದ ಮುಂದೆ ಕೂರುವಳು. "ಎಂತಾ ಆಯ್ತು?" ಎಂದರೆ "ಎಂತಿಲ್ಲ, ಬೆನ್ನು ನೋವು." ರೋಗ ಏರುತ್ತಿದೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ನಿಶ್ಶಬ್ದದಲ್ಲಿ ಭಯಕ್ಕೆ ಅಡಗಲು ಮರೆ ಸಿಗುವುದಿಲ್ಲವೆಂದು ನಂಬಿದ್ದೆ. ಭಯ ಕೋಣೆಯ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ತೆರೆಯ ಮೇಲೆ ಯಾರದೋ ಬಾಲ್ಕನಿಗೆ ಕಟಕಟೆ ಹಚ್ಚುತ್ತಿದ್ದವನು, ಅದು ಪೂರ್ತಿಯಾಗುವ ಮೊದಲೇ ಎದ್ದು ಓಡುತ್ತಿದ್ದೆ. ಡಾಕ್ಟರ ಬಳಿ ಗುಳಿಗೆ ಹೆಚ್ಚಿಸುವ ಮಾತು ಆಡುವುದೆಂದು ನಿಶ್ಚಯಿಸಿದ್ದೆ.

ಅಷ್ಟರಲ್ಲಿ ಒಂದು ಸಂಜೆ, ಫೋನಿನಲ್ಲಿ ಮಾತಾಡುತ್ತ ಅಂಗಳದಂಚಿನವರೆಗೆ ಹೋಗಿ ಬಂದೆ. ಕಂಪ್ಯೂಟರನ್ನು ಚಾಲೂ ಬಿಟ್ಟೇ ಹೋಗಿದ್ದೆ. ಮಾನಿಟರು ತಾನಾಗಿ ಕಪ್ಪಾಗಿತ್ತು. ಒಳಬಂದರೆ ಬಿಸಿ ಬಣ್ಣದ ವಾಸನೆ. ಪೆಟ್ಟಿಗೆಯ ಮೇಲೆ ಹೂವಿನ ಅಂಗಿ, ಹಿಂಬದಿಯ ಕಿಂಡಿಗಳನ್ನೂ ಮುಚ್ಚಿ, ಕೆಳತನಕ ನೀಟಾಗಿ ಇಳಿಬಿಟ್ಟದ್ದು. ಕೈಯಿಟ್ಟರೆ ಬಟ್ಟೆ ಆಗಷ್ಟೇ ಇಸ್ತ್ರಿ ಮಾಡಿದಂತೆ ಸುಡುತ್ತಿತ್ತು. ಉಸಿರಾಡಲು ಗಾಳಿಯನ್ನೇ ನಂಬಿದ್ದ ಕಾರ್ಡಿಗೆ ಅಕ್ಕ ಪ್ರೀತಿಯಿಂದ ಕಂಬಳಿ ಹೊದೆಸಿದ್ದಳು. ಬೆಂದುಹೋಗುವ ಮೊದಲು ಸ್ವಿಚ್ಚು ಆರಿಸಿ, ಸಿಟ್ಟಿನಿಂದ ನಡುಮನೆಗೆ ನುಗ್ಗಿದೆ. ಅಕ್ಕ ನೆಲದ ಮೇಲೇ ಕೂತಿದ್ದಳು.

"ನಡೀತಿರೋ ಮಿಷನ್ನಿಗೆ ಯಾರಾದ್ರೂ ಬಟ್ಟೆ ಮುಚ್ತ್ರಾ ಅಕ್ಕಾ?"

"ನಡೀತಿತ್ತಾ?" ಅವಳ ಮುಖ ಬಿಳಿಚಿತು. "ಸದ್ದೇ ಇಲ್ಲ. ನೀ ಪೇಟೆಗೆ ಹೋದೆ ಅಂದ್ಕಂಡೆ."

"ಹೋಗೂದಾದ್ರೆ ಹೇಳಿ ಹೋಗೂದಿಲ್ವಾ ನಾನು?"

"ಹೇಳ್ತೆ. ಆದ್ರೂ..." ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದ್ಲು ಅದು ಕೂಗ್ತಾ ಇರ್ತಿತ್ತು ತಮಾ. ಕೂಗ್ತಾ ಇದ್ರೆ ನೀ ಇದ್ದೆ ಅಂತ ಲೆಕ್ಕ. ಈಗ ಇದ್ದೆಯೋ ಇಲ್ವೋ ಗೊತ್ತಾಗೂದಿಲ್ಲ. ಯಾರೂ ಇಲ್ದಾಗ ಬಿದ್ರೆ ಅಂತ ಹೆದ್ರಿಕೆ. ಅದ್ಕೇ ಕೆಳಗೆ ಕೂತ್ಕಂತೆ. ಕೆಳಗಿಂದ ಬೀಳೂಕೆ ಜಾಗ ಇಲ್ಲ ಅಲ್ದಾ?"

"ನನ್ನ ಕರೀಬಹುದಿತ್ತಲ್ಲ?"

"ನಿನ್ನಾಂಗೆ ಚಾ ಕೇಳ್ಕಂತಾ?" ಎಂದಳು.

ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದೆ ನಾನೂ ಅವಳ ಪಕ್ಕದಲ್ಲಿ ಕೂತೆ. ಗೋಡೆಗೆ ಕಿವಿಯಿಟ್ಟವನು ನಾನೊಬ್ಬನೇ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ಆಚೆಯಿಂದಲೂ ಒಂದು ಕಿವಿ ಅಷ್ಟೇ ಒತ್ತಿಕೊಂಡಿತ್ತು. ಅದಕ್ಕೆ ಕೇಳುತ್ತಿದ್ದ ಒಂದೇ ಸದ್ದನ್ನು, ಅದರ ಕ್ಷೇಮಕ್ಕಾಗಿಯೇ, ನಾನು ಸಂಶೋಧನೆ ಮಾಡಿ ಕಿತ್ತು ಹಾಕಿದ್ದೆ.

ಮುಂದಿನ ಸಲ ಕಾರವಾರಕ್ಕೆ ಹೋದಾಗ ಅಕ್ಕನೂ ಜೊತೆಗಿದ್ದಳು. ಬಸ್ಸೆಂದರೆ ಹೆದರುವವಳು, ದಾರಿಯುದ್ದಕ್ಕೂ ನನ್ನ ತೋಳು ಹಿಡಿದೇ ಬಂದಳು. "ಏನಪ್ಪಾ, ಶಾಂತಿ ಸಾಕಾಯ್ತಾ?" ಎಂದ ದಾಮೋದರ. ಸದ್ದು ಮಾಡುವ ಕಾರ್ಡು ಬೇಕು, ಆದರೆ ಯಾವ ಸದ್ದೆಂದು ಆಯುವವಳು ಅಕ್ಕ ಎಂದೆ. ಅವನು ನಮ್ಮಿಬ್ಬರ ಮುಖ ನೋಡಿ, ಗಟ್ಟಿಯಾಗಿ ನಗಬೇಕೆಂದಿದ್ದವನು ಕಾರ್ಡುಗಳ ಡಬ್ಬಿಗಳನ್ನು ಇಳಿಸತೊಡಗಿದ. ಅಕ್ಕ ಸರಕು ಇಡುವ ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಒಂದು ಮರದ ಪೆಟ್ಟಿಗೆಯ ಮೇಲೆ ಕೂತಳು. ದಾಮೋದರ ಒಂದೊಂದೇ ಕಾರ್ಡನ್ನು ಹಚ್ಚಿ ಓಡಿಸಿದ.

"ಇದು ಬ್ಯಾಡ, ಹಲ್ಲು ಕಡೀತದೆ." ಇನ್ನೊಂದು. "ಇದು ಸೊಳ್ಳೆ." ಮತ್ತೊಂದಕ್ಕೆ ಬಹಳ ಹೊತ್ತು ಉತ್ತರವಿಲ್ಲ. ಬಾಗಿಲು ತಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಒಳಗಿನಿಂದ, "ಹ್ಞಾ, ಇದು. ಇದ್ರಲ್ಲಿ ಮಾತಾಡಿದ್ರೂ ಕೇಳ್ತದೆ."

ಅದು ಅಂಗೈ ಅಗಲದ ಫ್ಯಾನಿನ ಕಾರ್ಡು. ನಿಧಾನವಾಗಿ ತಿರುಗುತ್ತ, ನಿದ್ದೆಯಲ್ಲಿರುವವರ ಉಸಿರಿನಂಥ ಸದ್ದು ಮಾಡುತ್ತದೆ. ಹೊರೆ ಬಿದ್ದರೆ ಸ್ವರ ಏರುತ್ತದೆ, ನಾನು ಕೈಬಿಟ್ಟರೆ ತಗ್ಗುತ್ತದೆ. ವೇಗದಲ್ಲೂ ತಂಪಿನಲ್ಲೂ ಇದಕ್ಕಿಂತ ಉತ್ತಮವಾದವು ಇದ್ದವೆಂದು ನನ್ನ ಪತ್ರಿಕೆಗಳು ಹೇಳುತ್ತವೆ. ಅವು ಗೋಡೆಯಾಚೆ ಕೂತು ಬರೆದವಲ್ಲ.

ಭಯ ಹೋಯಿತೆಂದು ಬರೆದು ಮುಗಿಸಲು ಆಸೆಯಾಗುತ್ತಿದೆ, ಆದರೆ ಅದು ಸುಳ್ಳು. ಇಂದೂ ಟಕಟಕ ನಿಂತಿತು. ನಾನು ಬಾಲ್ಕನಿಯೊಂದನ್ನು ಅರ್ಧ ತಿರುಗಿಸಿದವನು ಮೌಸಿನಿಂದ ಕೈ ತೆಗೆದು, ಉಸಿರು ಹಿಡಿದು ಕಿವಿಗೊಟ್ಟೆ. ಕೈ ತೆಗೆದದ್ದರಿಂದ ಫ್ಯಾನಿನ ಸ್ವರ ಮೆಲ್ಲಗೆ ಇಳಿಯಿತು. ಚಹ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ ಗೋಡೆಯ ಆಚೆಯಿಂದ ಅಕ್ಕ ಕೂಗಿದಳು:

"ತಮಾ, ಇದ್ದೆಯೇನೋ?"